ಅಡ್ವಾನ್ಸಿನ ಲೆಕ್ಕ: ಬನಶಂಕರಿಯ ಒಂದು ಬಾಡಿಗೆ ಮನೆಯ ಪ್ರಕರಣ

2024ರ ಜನವರಿಯ ಎರಡನೆಯ ವಾರ, ಬೆಂಗಳೂರಿನ ಬನಶಂಕರಿ ಮೂರನೆಯ ಹಂತದ ಮನೆ ಮಾಲೀಕರೊಬ್ಬರು ತಮ್ಮ ಕೈಬರಹದ ಒಂದು ಪಟ್ಟಿಯನ್ನು ನನ್ನ ಮುಂದಿಟ್ಟರು. ಡಿಸೆಂಬರ್ 31ರಂದು ಮೊದಲ ಮಹಡಿಯ ಮನೆಯನ್ನು ಖಾಲಿ ಮಾಡಿಹೋದ ಬಾಡಿಗೆದಾರರ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬೇಕಾದ ಮೊತ್ತಗಳು ಅದರಲ್ಲಿದ್ದವು. ಅಡ್ವಾನ್ಸ್ 1,80,000 ರೂಪಾಯಿ. ಪಟ್ಟಿಯ ಕೊನೆಯಲ್ಲಿ ಕೂಡಿಸಿ ಬರೆದಿದ್ದ ಮೊತ್ತ 1,39,000 ರೂಪಾಯಿ. ಉಳಿಯುವ 41,000 ರೂಪಾಯಿಯನ್ನು ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುವುದಾಗಿ ಅವರು ಆಗಲೇ ಫೋನಿನಲ್ಲಿ ತಿಳಿಸಿದ್ದರು. ಅತ್ತ ಬಾಡಿಗೆದಾರರು ವಕೀಲರೊಬ್ಬರನ್ನು ಕಂಡು ನೋಟಿಸಿನ ಕರಡು ಸಿದ್ಧಪಡಿಸಿಕೊಂಡಿದ್ದರು.

ಮಾಲೀಕರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಬೀದಿಯವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಬಾಡಿಗೆದಾರರು ಸಾಗರದ ಕಡೆಯ ದಂಪತಿ. ಪತಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ, ಪತ್ನಿ ಲೆಕ್ಕ ಪರಿಶೋಧಕರ ಕಚೇರಿಯಲ್ಲಿದ್ದಾರೆ. ನಾನು ಮೂವತ್ತೊಂದು ವರ್ಷ ಕಟ್ಟಡಗಳ ನಿರ್ಮಾಣ ಮತ್ತು ದುರಸ್ತಿಯ ಕೆಲಸ ನೋಡಿಕೊಂಡು ನಿವೃತ್ತನಾದ ಸಿವಿಲ್ ಎಂಜಿನಿಯರ್. ಎರಡು ಕ್ರಾಸ್ ಆಚೆ ಇರುತ್ತೇನೆ. ಎರಡೂ ಕಡೆಯವರಿಗೆ ಪರಿಚಿತನಾಗಿದ್ದರಿಂದ, ಮನೆಯನ್ನು ನೋಡಿ ಯಾವ ಹಾನಿ ಯಾರದೆಂದು ಹೇಳಬೇಕೆಂದು ಇಬ್ಬರೂ ಕೇಳಿದರು. ನನ್ನ ಅಭಿಪ್ರಾಯವನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಯಾರಿಗೂ ಇರಲಿಲ್ಲ. ಇಬ್ಬರ ಸಮ್ಮತಿ ಪಡೆದು, ಹೆಸರುಗಳನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಕರಾರಿನ ಹಿನ್ನೆಲೆಯನ್ನು ಹೇಳಬೇಕು. ದಂಪತಿ 2019ರ ಜೂನ್‌ನಲ್ಲಿ ಆ ಮನೆಗೆ ಬಂದರು. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆ, ಕರಾರಿನ ಅವಧಿ ಹನ್ನೊಂದು ತಿಂಗಳು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು ಕಾನೂನು ಹೇಳುವುದರಿಂದ ಹನ್ನೊಂದು ತಿಂಗಳ ಈ ರೂಢಿ ನಮ್ಮಲ್ಲಿ ಬೇರೂರಿದೆ. ಕರಾರನ್ನು ಐದು ಸಲ ಬರೆಯಲಾಗಿತ್ತು. ಕೋವಿಡ್ ವರ್ಷದಲ್ಲಿ ಮೇಷ್ಟ್ರು ಬಾಡಿಗೆ ಏರಿಸಲಿಲ್ಲ; ಕೊನೆಯ ಅವಧಿಯಲ್ಲಿ ಬಾಡಿಗೆ 20,800 ರೂಪಾಯಿ ಆಗಿತ್ತು. ಐವತ್ತೈದು ತಿಂಗಳಲ್ಲಿ ಒಂದು ತಿಂಗಳ ಬಾಡಿಗೆಯೂ ತಡವಾಗಿರಲಿಲ್ಲ. ಕರಾರಿನಂತೆ ಎರಡು ತಿಂಗಳ ಮುಂಚೆ ತಿಳಿಸಿ, ಕೊನೆಯ ದಿನ ಬೀಗದ ಕೈಗಳನ್ನೆಲ್ಲ ಒಪ್ಪಿಸಿಯೇ ಅವರು ಹೊರಟಿದ್ದರು. ಕೊನೆಯ ಕೆಲವು ತಿಂಗಳ ಬಾಡಿಗೆಯನ್ನು ಕೊಡದೆ ಅಡ್ವಾನ್ಸಿಗೆ ವಜಾ ಹಾಕಿಕೊಳ್ಳುವುದು ಈ ಊರಿನಲ್ಲಿ ಬಹಳ ಮಂದಿ ಅನುಸರಿಸುವ ದಾರಿ. ಇವರು ಹಾಗೆ ಮಾಡಿರಲಿಲ್ಲ ಎಂಬುದನ್ನು ನಾನು ಮುಖ್ಯವೆಂದು ಎಣಿಸಿದೆ. ಮಾಲೀಕರನ್ನು ನಂಬಿ ಪೂರ್ತಿ ಬಾಡಿಗೆ ಕೊಟ್ಟವರಿಗೇ ಹೆಚ್ಚು ನಷ್ಟವಾಗುವುದಾದರೆ ಮುಂದೆ ಯಾರೂ ಆ ನಂಬಿಕೆಯನ್ನು ತೋರಿಸುವುದಿಲ್ಲ.

ಕರಾರಿನಲ್ಲಿ ಹಾನಿಯ ವಿಷಯಕ್ಕೆ ಎರಡೇ ವಾಕ್ಯಗಳಿದ್ದವು. ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕು ಎಂಬುದು ಒಂದು. ಖಾಲಿ ಮಾಡುವಾಗ ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುವುದು ಎಂಬುದು ಇನ್ನೊಂದು. ಪಡೆದಾಗ ಮನೆ ಯಾವ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಒಂದು ಫೋಟೋ ಆಗಲಿ, ಸಹಿ ಮಾಡಿದ ಒಂದು ಕಾಗದವಾಗಲಿ ಇರಲಿಲ್ಲ. ಮುಂದೆ ಎದ್ದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಕಾರಣ ಈ ಕೊರತೆ.

ಪಟ್ಟಿಯ ಅತಿ ದೊಡ್ಡ ಬಾಬ್ತು ಬಣ್ಣದ್ದು. ಕರಾರಿನಂತೆ 20,800 ರೂಪಾಯಿಯ ಜೊತೆಗೆ, ಮಲಗುವ ಕೋಣೆಯ ಗೋಡೆ ತೇವ ಹಿಡಿದು ಹಾಳಾಗಿರುವುದರಿಂದ ಪುಟ್ಟಿ ಕೆರೆದು ಇಡೀ ಮನೆಗೆ ಬಣ್ಣ ಹೊಡೆಸಬೇಕೆಂದು ಇನ್ನೂ 46,000 ರೂಪಾಯಿ ಬರೆದಿದ್ದರು. ಎರಡೂ ಸೇರಿದರೆ 66,800 ರೂಪಾಯಿ, ಒಟ್ಟು ಮುರಿತದ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಆ ಗೋಡೆಯಿಂದಲೇ ಆರಂಭಿಸಿದೆ.

ಮಲಗುವ ಕೋಣೆಗೂ ಬಚ್ಚಲಮನೆಗೂ ನಡುವೆ ನಾಲ್ಕೂವರೆ ಅಂಗುಲದ ಇಟ್ಟಿಗೆಯ ಗೋಡೆ. ನೆಲದಿಂದ ಸುಮಾರು ಎರಡಡಿ ಎತ್ತರದವರೆಗೆ ಬಣ್ಣ ಉಬ್ಬಿ ಹಪ್ಪಳದಂತೆ ಎದ್ದಿತ್ತು, ಪುಟ್ಟಿ ಪುಡಿಯಾಗಿ ಉದುರುತ್ತಿತ್ತು. ಬಾಡಿಗೆದಾರರು ಕಿಟಕಿ ತೆರೆಯುತ್ತಿರಲಿಲ್ಲ, ಮಗುವಿನ ಬಟ್ಟೆಗಳನ್ನು ಮಳೆಗಾಲವೆಲ್ಲ ಕೋಣೆಯೊಳಗೇ ಒಣಗಿಸುತ್ತಿದ್ದರು, ಅದರಿಂದಲೇ ಗೋಡೆ ಹೀಗಾಯಿತು ಎಂಬುದು ಮೇಷ್ಟ್ರ ವಾದ. ಬಚ್ಚಲಮನೆಯ ನೀರು ಒಳಗೊಳಗೇ ಸೋರುತ್ತಿದೆ ಎಂಬುದು ಬಾಡಿಗೆದಾರರ ವಾದ. ಮನೆ ಎರಡು ವಾರ ಖಾಲಿ ಇದ್ದುದರಿಂದ ಗೋಡೆ ಆಗಲೇ ಒಣಗತೊಡಗಿತ್ತು. ಜನ ಹೋದ ಮೇಲೆ ಒಣಗಿತು ನೋಡಿ ಎಂದು ಮೇಷ್ಟ್ರು ತೋರಿಸಿದರು. ಆದರೆ ಜನ ಹೋದ ಮೇಲೆ ಬಟ್ಟೆ ಒಣಗಿಸುವುದೂ ನಿಂತಿರುತ್ತದೆ, ಬಚ್ಚಲಿಗೆ ನೀರು ಬೀಳುವುದೂ ನಿಂತಿರುತ್ತದೆ. ಆದ್ದರಿಂದ ಆ ಒಣಗುವಿಕೆ ಎರಡು ವಾದಗಳಲ್ಲಿ ಯಾವುದಕ್ಕೂ ಸಾಕ್ಷಿಯಲ್ಲ.

ಗಾಳಿಯಾಡದೆ ಕೋಣೆಯೊಳಗಿನ ತೇವ ಗೋಡೆಗೆ ಕೂರುವುದಕ್ಕೂ, ಗೋಡೆಯೊಳಗಿಂದ ನೀರು ಬರುವುದಕ್ಕೂ ಗುರುತು ಬೇರೆ ಬೇರೆ. ಒಳಗಿನ ತೇವವಾದರೆ ಹೊರಗೋಡೆಯ ತಂಪಾದ ಮೂಲೆಗಳಲ್ಲಿ, ಸೂರಿನ ಹತ್ತಿರ, ಬೀರುವಿನ ಹಿಂದೆ ಕಪ್ಪು ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಹುಪಾಲು ಹೋಗುತ್ತದೆ, ಅದರ ಕೆಳಗಿನ ಗಾರೆ ಗಟ್ಟಿಯಾಗಿಯೇ ಇರುತ್ತದೆ. ಗೋಡೆಯೊಳಗೆ ಹರಿದುಬಂದ ನೀರು ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಬಂದು ಮೇಲ್ಮೈಯಲ್ಲಿ ಆವಿಯಾಗುವಾಗ ಬಿಳಿ ಉಪ್ಪನ್ನು ಬಿಟ್ಟುಹೋಗುತ್ತದೆ. ಬಣ್ಣ ಒಳಗಿನಿಂದ ಎದ್ದುಬರುವುದು ಆ ಉಪ್ಪಿನ ಒತ್ತಡದಿಂದ. ಈ ಗೋಡೆಯಲ್ಲಿ ಬಣ್ಣದ ಸಿಪ್ಪೆಯನ್ನು ಉಗುರಿನಿಂದ ಎತ್ತಿದಾಗ ಅದರ ಹಿಂದೆ ಹತ್ತಿಯ ಎಳೆಯಂಥ ಬಿಳಿ ಉಪ್ಪು ಅಂಟಿಕೊಂಡಿತ್ತು. ಸೂರಿನ ಮೂಲೆಗಳು ಸ್ವಚ್ಛವಾಗಿದ್ದವು. ಬಾಡಿಗೆದಾರರ ವಾದವೇ ಸರಿಯೆಂದು ನನಗೆ ಆಗಲೇ ಅನ್ನಿಸಿತಾದರೂ, ಇಷ್ಟು ಹಣದ ಮಾತನ್ನು ಕಣ್ಣಂದಾಜಿನ ಮೇಲೆ ನಿಲ್ಲಿಸಬಾರದೆಂದು ನೀರು ನಿಲ್ಲಿಸಿ ಪರೀಕ್ಷೆ ಮಾಡಿಸಿದೆ.

ಬಚ್ಚಲಿನ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಮತ್ತು ಬಟ್ಟೆ ತುರುಕಿ, ಒಂದೂವರೆ ಅಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಬಾಗಿಲು ಮುಚ್ಚಿದೆವು. ಮರುದಿನ ಅದೇ ಹೊತ್ತಿಗೆ ನೋಡಿದಾಗ ನೀರು ಅರ್ಧ ಅಂಗುಲ ಇಳಿದಿತ್ತು. ಮುಚ್ಚಿದ ಬಚ್ಚಲಿನಲ್ಲಿ, ಜನವರಿಯ ತಂಪಿನಲ್ಲಿ, ಅಷ್ಟು ನೀರು ಆವಿಯಾಗಿ ಹೋಗಲಾರದು. ಮಲಗುವ ಕೋಣೆಯ ಗೋಡೆಯ ಬುಡದಲ್ಲಿ ಅಂಗೈಯಗಲದ ಒದ್ದೆ ಹೊಸದಾಗಿ ಮೂಡಿತ್ತು. ಮೇಷ್ಟ್ರು ಅದನ್ನು ಮುಟ್ಟಿ ನೋಡಿದರು, ಏನೂ ಹೇಳಲಿಲ್ಲ.

ಆದರೂ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಬಚ್ಚಲಿನ ನೆಲದ ಟೈಲ್ಸ್ ಮಂಕಾಗಿ, ಟೈಲ್ಸುಗಳ ನಡುವಿನ ಸಿಮೆಂಟು ಅಲ್ಲಲ್ಲಿ ಕೊರೆದುಹೋಗಿತ್ತು. ಬೋರ್‌ವೆಲ್ ನೀರಿನ ಕರೆಯನ್ನು ತೆಗೆಯಲು ಮನೆಗೆಲಸದವರು ಆಸಿಡ್ ಹಾಕಿ ಉಜ್ಜುತ್ತಿದ್ದರೆಂದು ಬಾಡಿಗೆದಾರರೇ ಒಪ್ಪಿಕೊಂಡರು. ಆಸಿಡ್ ಸಿಮೆಂಟನ್ನು ತಿನ್ನುತ್ತದೆ. ಹಾಗಾದರೆ ನೀರು ಸೋರಲು ಬಾಡಿಗೆದಾರರೇ ದಾರಿ ಮಾಡಿಕೊಟ್ಟಂತಾಯಿತಲ್ಲವೇ ಎಂದು ಮೇಷ್ಟ್ರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ನನಗೆ ಅದು ಮೊದಲು ಹೊಳೆದಿರಲಿಲ್ಲ. ಪ್ಲಂಬರ್ ಬಂದು ಟ್ರ್ಯಾಪಿನ ಸುತ್ತಲಿನ ನಾಲ್ಕು ಟೈಲ್ಸ್ ಒಡೆದ ಮೇಲೆ ಉತ್ತರ ಸಿಕ್ಕಿತು. ಟ್ರ್ಯಾಪಿನ ಕುತ್ತಿಗೆಗೂ ನೆಲದ ಕಾಂಕ್ರೀಟಿಗೂ ನಡುವಿನ ಸಂದು ಬಾಯಿ ಬಿಟ್ಟಿತ್ತು, ಟೈಲ್ಸಿನ ಕೆಳಗೆ ನೀರು ತಡೆಯುವ ಲೇಪನವನ್ನು ಕಟ್ಟುವಾಗಲೇ ಹಾಕಿರಲಿಲ್ಲ. ಟೈಲ್ಸಿನ ನಡುವೆ ತುಂಬುವ ಸಾಮಾನ್ಯ ಸಿಮೆಂಟು ಹೊಸದಾಗಿದ್ದಾಗಲೂ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯಬೇಕಾದದ್ದು ಅದರ ಕೆಳಗಿನ ಲೇಪನ. ಆಸಿಡ್‌ನಿಂದ ಕೆಟ್ಟದ್ದು ಮೇಲಿನ ಅಂದ, ಸೋರಿಕೆಗೆ ಮೂಲ ಕಾರಣ ಕಟ್ಟಡದ್ದು ಎಂದು ತೀರ್ಮಾನಿಸಿದೆ. ಟೈಲ್ಸಿನ ಸಂದುಗಳಿಗೆ ಎಪಾಕ್ಸಿ ಅಂಟು ತುಂಬಿಸುವ 3,500 ರೂಪಾಯಿಯನ್ನು ಬಾಡಿಗೆದಾರರ ಲೆಕ್ಕಕ್ಕೂ, ಟ್ರ್ಯಾಪ್ ಮತ್ತು ಗೋಡೆಯ ದುರಸ್ತಿಯನ್ನು ಮಾಲೀಕರ ಲೆಕ್ಕಕ್ಕೂ ಹಾಕಿದೆ. ಪಟ್ಟಿಯಲ್ಲಿ ಇಡೀ ನೆಲದ ಟೈಲ್ಸ್ ಬದಲಾವಣೆಗೆಂದು 14,500 ರೂಪಾಯಿ ಬರೆಯಲಾಗಿತ್ತು.

ಈ ತೀರ್ಮಾನಕ್ಕೆ ಕಟ್ಟಡದ ಸಾಕ್ಷಿಗಿಂತ ಗಟ್ಟಿಯಾದ ಇನ್ನೊಂದು ಆಧಾರವೂ ದೊರೆಯಿತು. ಪತ್ನಿ ಎಲ್ಲ ರಸೀದಿ, ಸಂದೇಶಗಳನ್ನು ಉಳಿಸಿಕೊಳ್ಳುವ ಅಭ್ಯಾಸದವರು. 2021ರ ಜುಲೈಯಲ್ಲಿ ಆಕೆ ವಾಟ್ಸ್ಆ್ಯಪಿನಲ್ಲಿ ಗೋಡೆಯ ಫೋಟೋ ಕಳುಹಿಸಿ, "ಮೇಷ್ಟ್ರೇ, ಬಚ್ಚಲು ಪಕ್ಕದ ಗೋಡೆ ಒದ್ದೆ ಆಗ್ತಿದೆ, ಒಮ್ಮೆ ಬಂದು ನೋಡ್ತೀರಾ" ಎಂದು ಬರೆದಿದ್ದರು. "ಮಳೆಗಾಲ ಮುಗೀಲಮ್ಮ, ನೋಡೋಣ" ಎಂದು ಮೇಷ್ಟ್ರು ಉತ್ತರಿಸಿದ್ದರು. ಮಳೆಗಾಲ ಮುಗಿಯಿತು, ಅವರು ನೋಡಲಿಲ್ಲ, ಇವರು ಮತ್ತೆ ನೆನಪಿಸಲಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಮಿನ ಪ್ರಕಾರ, ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ತಕ್ಕ ಕಾಲದೊಳಗೆ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಅದರ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಈ ಹಕ್ಕು ಇದೆಯೆಂದು ಇಬ್ಬರಿಗೂ ತಿಳಿದಿರಲಿಲ್ಲ. ಅದೇ ಕಲಂ ಬಾಡಿಗೆದಾರರ ಹೊಣೆಯನ್ನೂ ಹೇಳುತ್ತದೆ: ಸ್ವತ್ತನ್ನು ಪಡೆದಾಗ ಇದ್ದಂಥ ಒಳ್ಳೆಯ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯ ಸವೆತಕ್ಕೂ ತಡೆಯಲಾಗದ ಪ್ರಕೃತಿಬಲದಿಂದಾದ ಬದಲಾವಣೆಗೂ ಅವರು ಹೊಣೆಯಲ್ಲ. ಕರಾರಿನಲ್ಲಿ "ಪಡೆದ ಸ್ಥಿತಿಯಲ್ಲಿಯೇ" ಎಂಬ ಮಾತು ಮಾತ್ರ ಇಳಿದು, "ಸಹಜ ಸವೆತ" ಎಂಬ ಮಾತು ಬಿಟ್ಟುಹೋಗಿತ್ತು. ಟೈಪಿಂಗ್ ಅಂಗಡಿಗಳಲ್ಲಿ ಸಿಗುವ ಸಿದ್ಧ ನಮೂನೆಗಳಲ್ಲಿ ಈ ಲೋಪವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನು ಉಳಿದದ್ದು ಕರಾರಿನಂತೆ ಮುರಿಯುವ ಒಂದು ತಿಂಗಳ ಬಾಡಿಗೆ. ಐವತ್ತೈದು ತಿಂಗಳಲ್ಲಿ ಯಾವ ಒಳಬಣ್ಣವಾದರೂ ಮಾಸುತ್ತದೆ. ಆ ಮನೆಯಲ್ಲೇ ಹುಟ್ಟಿ ಬೆಳೆದ ಮಗು ನಡುಮನೆಯ ಗೋಡೆಯ ಮೇಲೆ ಕ್ರೇಯಾನಿನಲ್ಲಿ ಬರೆದ ಗೀಟುಗಳೂ ಇದ್ದವು. ಬಣ್ಣ ಮಾಸುವುದು ಸಹಜ ಸವೆತವೇ ಆದ್ದರಿಂದ ಅದರ ಖರ್ಚು ಮಾಲೀಕರದಾಗಿರಬೇಕು ಎಂಬುದು ನನ್ನ ಸ್ವಂತ ಅಭಿಪ್ರಾಯ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ಸುಣ್ಣಬಣ್ಣವನ್ನು ಮಾಲೀಕರ ಬಾಬ್ತಿನಲ್ಲಿಯೇ ಇರಿಸಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವು ಅಂಗೀಕರಿಸಿ ಜಾರಿಗೆ ತಂದ ಹೊರತು ಅದಕ್ಕೆ ಬಲವಿಲ್ಲ. ಈ ದಂಪತಿ ಆ ಷರತ್ತಿಗೆ ಐದು ಸಲ ಸಹಿ ಹಾಕಿದ್ದರು. ಅದನ್ನು ತಾವು ತಕರಾರು ಮಾಡುವುದಿಲ್ಲವೆಂದು ಅವರೇ ಹೇಳಿದ್ದರಿಂದ 20,800 ರೂಪಾಯಿ ಹಾಗೆಯೇ ನಿಂತಿತು. ಆದರೆ ಬಣ್ಣಕ್ಕೆಂದು ಇಡಿಗಂಟಿನ ಮೊತ್ತವನ್ನು ಕರಾರಿನಲ್ಲಿಯೇ ನಿಗದಿ ಮಾಡಿಕೊಂಡವರು, ಅದರ ಮೇಲೆ ನಿಜವಾದ ಖರ್ಚನ್ನೂ ಬೇರೆಯಾಗಿ ಕೇಳುವುದು ಒಂದೇ ಕೆಲಸಕ್ಕೆ ಎರಡು ಸಲ ಹಣ ಕೇಳಿದಂತೆ ಎಂದು ಹೇಳಿ 46,000 ರೂಪಾಯಿಯನ್ನು ಬಿಡಿಸಿದೆ.

ಅಡುಗೆಮನೆಯಲ್ಲಿ ಬಾಡಿಗೆದಾರರ ತಪ್ಪು ಸ್ಪಷ್ಟವಾಗಿತ್ತು. ಸಿಂಕಿನ ಕೆಳಗಿನ ಕೊಳವೆಯ ನಟ್ಟು ಸಡಿಲವಾಗಿ ನೀರು ತೊಟ್ಟಿಕ್ಕುತ್ತಿದ್ದುದನ್ನು ಅವರು ತಿಂಗಳುಗಟ್ಟಲೆ ಸರಿಪಡಿಸದೆ, ಕೆಳಗೊಂದು ಬಕೆಟ್ ಇಟ್ಟು ಕಾಲ ತಳ್ಳಿದ್ದರು. ಪ್ಲೈವುಡ್ ಪೆಟ್ಟಿಗೆ ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿತ್ತು. ಕೆಳಸಾಲಿನ ಎಲ್ಲ ಪೆಟ್ಟಿಗೆಗಳನ್ನೂ ಹೊಸದಾಗಿ ಮಾಡಿಸಲು 28,000 ರೂಪಾಯಿ ಬೇಕೆಂದು ಪಟ್ಟಿಯಲ್ಲಿತ್ತು. ಹಾಳಾಗಿದ್ದದ್ದು ಸಿಂಕಿನ ಕೆಳಗಿನ ಒಂದು ಪೆಟ್ಟಿಗೆ ಮಾತ್ರ. ಅದಕ್ಕೆ ಬಡಗಿ ಹೇಳಿದ ಬೆಲೆ 9,000 ರೂಪಾಯಿ. ಆ ಪೆಟ್ಟಿಗೆ 2012ರಲ್ಲಿ ಮಾಡಿಸಿದ್ದು, ಮರವೂ ಸಾಮಾನ್ಯ ದರ್ಜೆಯ ಪ್ಲೈವುಡ್. ನೀರಿನ ಜಾಗಕ್ಕೆ ಐಎಸ್ 710 ಗುರುತಿನ, ಕುದಿಯುವ ನೀರನ್ನೂ ತಾಳಿಕೊಳ್ಳುವ ದರ್ಜೆಯ ಹಲಗೆ ಬಳಸಬೇಕಿತ್ತು. ಇಂಥ ಕೆಲಸ ಹದಿನೈದು ವರ್ಷ ಬಾಳುತ್ತದೆಂದು ಉದಾರವಾಗಿ ಎಣಿಸಿದರೂ ಅದರ ಹನ್ನೊಂದು ವರ್ಷ ಆಗಲೇ ಕಳೆದಿತ್ತು. ಉಳಿದ ನಾಲ್ಕು ವರ್ಷದ ಪಾಲು 2,400 ರೂಪಾಯಿ.

ಮೇಷ್ಟ್ರಿಗೆ ಇದು ಒಪ್ಪಿಗೆಯಾಗಲಿಲ್ಲ. "ಕಾಲು ಪೆಟ್ಟಿಗೆಯನ್ನು ಯಾವ ಅಂಗಡಿಯಲ್ಲಿ ಕೊಡ್ತಾರೆ ಸ್ವಾಮಿ? ನಾನು ಮಾಡಿಸೋದಾದರೆ ಪೂರ್ತಿಯಾಗಿಯೇ ಮಾಡಿಸಬೇಕಲ್ಲ" ಎಂದರು. ಹಾನಿಯ ಲೆಕ್ಕದಲ್ಲಿ ಪ್ರತಿ ಮಾಲೀಕರಿಗೂ ಕಾಡುವ ಪ್ರಶ್ನೆ ಇದು, ಹಾಗಾಗಿ ನಿಧಾನವಾಗಿಯೇ ಉತ್ತರಿಸಿದೆ. ಹೊಸ ಪೆಟ್ಟಿಗೆ ಹದಿನೈದು ವರ್ಷ ಬಾಳುತ್ತದೆ. ಅದರಲ್ಲಿ ಹನ್ನೊಂದು ವರ್ಷ, ಬಾಡಿಗೆದಾರರು ಏನೂ ತಪ್ಪು ಮಾಡದಿದ್ದರೂ ಮೇಷ್ಟ್ರೇ ಮಾಡಿಸಿಕೊಳ್ಳಬೇಕಾಗಿದ್ದದ್ದು. ಹಳೆಯ ಪೆಟ್ಟಿಗೆ ಸವೆದುಹೋದ ಆ ಹನ್ನೊಂದು ವರ್ಷದ ಬೆಲೆಯನ್ನು ಅವರು ಈ ದಂಪತಿಯಿಂದಲೂ ಇವರಿಗಿಂತ ಹಿಂದಿನವರಿಂದಲೂ ಬಾಡಿಗೆಯ ರೂಪದಲ್ಲಿ ಪಡೆದೇ ಇದ್ದಾರೆ. ಹಾಳಾದ ಹಳೆಯದಕ್ಕೆ ಹೊಸದರ ಬೆಲೆ ಕೇಳಿದರೆ, ಹೊರಟುಹೋದವರ ಹಣದಿಂದ ಮನೆಯನ್ನು ಮೊದಲಿದ್ದುದಕ್ಕಿಂತ ಚೆನ್ನಾಗಿ ಮಾಡಿಕೊಂಡಂತಾಗುತ್ತದೆ. ಕರಾರು ಮುರಿದವರಿಂದ ದಂಡವೆಂದು ಎಷ್ಟನ್ನೇ ಬರೆಸಿಕೊಂಡಿದ್ದರೂ, 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಕಲಮಿನ ಪ್ರಕಾರ ಆ ಮೊತ್ತವನ್ನು ಮೀರದಂತೆ ಯುಕ್ತ ಪರಿಹಾರ ಮಾತ್ರ ಸಿಗುತ್ತದೆ. ಮೇಷ್ಟ್ರು ಒಪ್ಪಿದರೋ ಇಲ್ಲವೋ ತಿಳಿಯುವ ಮುಂಚೆ, ಆ ಪತ್ನಿಯೇ ಮಾತಾಡಿದರು: "ಬಕೆಟ್ ಇಟ್ಟುಕೊಂಡು ಸುಮ್ಮನಿದ್ದದ್ದು ನಮ್ಮ ತಪ್ಪು. ನಾಲ್ಕು ಸಾವಿರ ಹಾಕಿ, ಅಂಕಲ್." ಲೆಕ್ಕಕ್ಕಿಂತ ಹೆಚ್ಚಿನ ಆ ಮೊತ್ತವನ್ನು ನಾನು ತಗ್ಗಿಸಲಿಲ್ಲ. ತಿಳಿದೂ ತಿಳಿಸದೆ ಇದ್ದುದಕ್ಕೆ ಅಷ್ಟು ಸಲ್ಲುತ್ತದೆ.

ಗ್ರಾನೈಟ್ ಕಟ್ಟೆಯಲ್ಲಿ ಸ್ಟವ್ ಪಕ್ಕದಿಂದ ಸಿಂಕಿನ ಮೂಲೆಯತ್ತ ಹೊರಟ ಒಂದು ಬಿರುಕಿತ್ತು. ಅದಕ್ಕೆ 9,000 ರೂಪಾಯಿ ಬರೆದಿದ್ದರು. ಸಿಂಕಿಗಾಗಿ ಕಲ್ಲನ್ನು ಕತ್ತರಿಸಿದ ಒಳಮೂಲೆಗಳು ಕಟ್ಟೆಯ ಅತ್ಯಂತ ದುರ್ಬಲ ಜಾಗ; ಕೆಳಗಿನ ಆಸರೆ ಸ್ವಲ್ಪ ಕುಸಿದರೂ ಅಲ್ಲಿಂದ ಬಿರುಕು ಹೊರಡುತ್ತದೆ. ಕುಟ್ಟಾಣಿಯಲ್ಲಿ ಜೋರಾಗಿ ಕುಟ್ಟಿದರೂ ಬಿರುಕು ಬಿಡಬಹುದು. ಬಿರುಕಿನೊಳಗೆ ಎಣ್ಣೆ ಮತ್ತು ಅರಿಶಿನ ಇಳಿದು ಕಪ್ಪಾಗಿದ್ದುದರಿಂದ ಅದು ಹಳೆಯದೆಂದು ಹೇಳಬಹುದಿತ್ತೇ ಹೊರತು, 2019ರ ಜೂನ್‌ಗಿಂತ ಹಿಂದಿನದೋ ಮುಂದಿನದೋ ಎಂದು ಹೇಳಲು ನನ್ನಿಂದ ಆಗಲಿಲ್ಲ. ಬಂದಾಗಲೇ ಇತ್ತೆಂದು ಇವರು, ಇರಲಿಲ್ಲವೆಂದು ಅವರು. ಇಬ್ಬರೂ ಸುಳ್ಳು ಹೇಳುವವರಲ್ಲ. ಐದು ವರ್ಷದ ಹಿಂದಿನ ಒಂದು ಗೆರೆಯನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಇಂಥ ಕಡೆ, ಇನ್ನೊಬ್ಬರ ಹಣದಿಂದ ಮುರಿದುಕೊಳ್ಳುವವರೇ ಹಾನಿಯನ್ನು ತೋರಿಸಿಕೊಡಬೇಕು ಎಂಬ ನಿಯಮವನ್ನು ಹಿಡಿದು ಆ ಬಾಬ್ತನ್ನು ಕೈಬಿಟ್ಟೆ. ಮೇಷ್ಟ್ರ ಪತ್ನಿಗೆ ಇದರಿಂದ ನಿಜವಾಗಿ ನೋವಾಯಿತು. ಅವರ ಮಾತೇ ಸತ್ಯವಾಗಿದ್ದಿರಬಹುದು. ಅದನ್ನು ನಿಲ್ಲಿಸಲು ಒಂದು ಫೋಟೋ ಸಾಕಾಗಿತ್ತು.

ಉಳಿದವು ಬೇಗ ಮುಗಿದವು. ಹತ್ತು ವರ್ಷದ ಗೀಸರಿಗೆ ಹೊಸ ಗೀಸರಿನ 8,200 ರೂಪಾಯಿಯ ಬದಲು ಎಲಿಮೆಂಟ್ ಮತ್ತು ಥರ್ಮೋಸ್ಟಾಟ್ ಬದಲಾವಣೆಯ 1,600 ರೂಪಾಯಿ. ಸೊಳ್ಳೆಪರದೆ ಮತ್ತು ಬಚ್ಚಲ ಬಾಗಿಲಿಗೆ ಒಟ್ಟಾಗಿ ಕೇಳಿದ್ದ 4,800 ರೂಪಾಯಿಯಲ್ಲಿ ಹರಿದ ಪರದೆಯ 1,200 ರೂಪಾಯಿ ಮಾತ್ರ, ಬಾಗಿಲಿನ ಬುಡ ನೀರು ಕುಡಿದು ಕೊಳೆತದ್ದು ಸವೆತವೇ ಆದ್ದರಿಂದ. ಎಸಿಗಾಗಿ ಕೇಳದೆ ಕೊರೆದಿದ್ದ ಗೋಡೆಯ ತೂತು ಮತ್ತು ಟಿವಿ ಹಲಗೆಯ ಮೊಳೆಗಂಡಿಗಳಿಗೆ 3,500 ರೂಪಾಯಿ ಪೂರ್ತಿಯಾಗಿ. ವಿದ್ಯುತ್ ಮತ್ತು ನೀರಿನ ಬಾಕಿ 1,700 ರೂಪಾಯಿ ಪೂರ್ತಿಯಾಗಿ. ಗುಡಿಸಿ ಒರೆಸಿಯೇ ಹೋಗಿದ್ದರಿಂದ ಸ್ವಚ್ಛತೆಯ 2,500 ರೂಪಾಯಿ ಬಿಟ್ಟುಹೋಯಿತು. ಎಲ್ಲ ಕೂಡಿ ಮುರಿಯಬೇಕಾದದ್ದು 36,300 ರೂಪಾಯಿ, ಹಿಂದಿರುಗಿಸಬೇಕಾದದ್ದು 1,43,700 ರೂಪಾಯಿ.

ಈ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಟ್ಟ ಸಂಜೆ ಮೇಷ್ಟ್ರು ಒಬ್ಬರೇ ನಮ್ಮ ಮನೆಗೆ ಬಂದರು. ಬಹಳ ಹೊತ್ತು ಬೇರೇನೋ ಮಾತಾಡಿ ಕೊನೆಗೆ ಹೇಳಿದ್ದು ಇಷ್ಟು: ಹಣ ಅವರ ಬಳಿ ಇರಲಿಲ್ಲ. 2019ರಲ್ಲಿ ಇವರಿಂದ ಪಡೆದ 1,80,000 ರೂಪಾಯಿಯಲ್ಲಿ 1,20,000 ರೂಪಾಯಿ ಅದಕ್ಕೆ ಹಿಂದಿನ ಬಾಡಿಗೆದಾರರ ಅಡ್ವಾನ್ಸ್ ಹಿಂದಿರುಗಿಸಲು ಹೋಗಿತ್ತು. ಉಳಿದದ್ದು ತಾರಸಿಯ ದುರಸ್ತಿಗೂ ಮಗಳ ಬಾಣಂತನಕ್ಕೂ ಖರ್ಚಾಗಿತ್ತು. ಹೊಸ ಬಾಡಿಗೆದಾರರು ಬಂದು ಅಡ್ವಾನ್ಸ್ ಕೊಟ್ಟರೆ ಮಾತ್ರ ಇವರಿಗೆ ಕೊಡಬಹುದು. ಆದರೆ ತೇವ ಹಿಡಿದ ಗೋಡೆಯನ್ನು ನೋಡಿದ ಮೂರು ಕುಟುಂಬಗಳು ಆಗಲೇ ಹಿಂದಿರುಗಿದ್ದವು. ಪಟ್ಟಿ ಬರೆಯಲು ಕೂತಾಗ ಕೈಯಲ್ಲಿದ್ದ ಮೊತ್ತ ಸುಮಾರು ನಲವತ್ತು ಸಾವಿರವೆಂದು ಅವರೇ ಹೇಳಿದರು. ಪಟ್ಟಿಯ ಕೊನೆಯಲ್ಲಿ ಹಿಂದಿರುಗಿಸುವ ಮೊತ್ತ 41,000 ರೂಪಾಯಿ ಎಂದು ಬಂದಿದ್ದು ಹೇಗೆಂದು ನನಗೆ ಆಗ ಅರ್ಥವಾಯಿತು. ಅವರು ಬೇಕೆಂದೇ ಮೋಸ ಮಾಡಿದರೆಂದು ನಾನು ಭಾವಿಸುವುದಿಲ್ಲ. ಇರುವ ಹಣಕ್ಕೆ ಹೊಂದುವವರೆಗೂ ಕಣ್ಣು ಹಾನಿಗಳನ್ನು ಹುಡುಕುತ್ತಾ ಹೋಗಿದೆ.

ಈ ಪ್ರಕರಣದ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಅಡ್ವಾನ್ಸ್ ಎಂಬುದು ಬಾಡಿಗೆದಾರರದೇ ಹಣ, ಮಾಲೀಕರ ಬಳಿ ಭದ್ರವಾಗಿ ಇರಬೇಕಾದದ್ದು. ಹತ್ತು ತಿಂಗಳ ಬಾಡಿಗೆಯಷ್ಟು ದೊಡ್ಡ ಮೊತ್ತ ಒಮ್ಮೆಲೇ ಕೈಗೆ ಬಂದಾಗ ಅದನ್ನು ಹಾಗೆಯೇ ಇಟ್ಟುಕೊಳ್ಳುವ ಮಧ್ಯಮ ವರ್ಗದ ಮನೆಗಳು ಕಡಿಮೆ. ಒಬ್ಬರ ಅಡ್ವಾನ್ಸನ್ನು ಇನ್ನೊಬ್ಬರ ಅಡ್ವಾನ್ಸಿನಿಂದ ತೀರಿಸುವ ಸರಪಳಿ ಬೀದಿಯಿಂದ ಬೀದಿಗೆ ಹಬ್ಬಿದೆ. ಅದರಲ್ಲಿ ಒಂದು ಮನೆ ಎರಡು ತಿಂಗಳು ಖಾಲಿ ಉಳಿದರೆ ಹಿಂದಿನ ಕೊಂಡಿಗಳೆಲ್ಲ ಅಲುಗಾಡುತ್ತವೆ. ಈ ದಂಪತಿಯ ಹೊಸ ಮನೆಯ ಮಾಲೀಕರು 2,50,000 ರೂಪಾಯಿ ಅಡ್ವಾನ್ಸ್ ಕೇಳಿದ್ದರಿಂದ, ಹಳೆಯ ಅಡ್ವಾನ್ಸ್ ಬರುತ್ತದೆಂಬ ನಂಬಿಕೆಯ ಮೇಲೆ ಇವರು ಬ್ಯಾಂಕಿನಲ್ಲಿ ವೈಯಕ್ತಿಕ ಸಾಲ ಮಾಡಿದ್ದರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದೆಂದು ಮಾದರಿ ಬಾಡಿಗೆ ಕಾಯ್ದೆ ಹೇಳಿರುವುದು ಬಾಡಿಗೆದಾರರಿಗಷ್ಟೇ ಅನುಕೂಲವೆಂದು ಮಾಲೀಕರು ತಿಳಿಯುತ್ತಾರೆ. ಹಿಂದಿರುಗಿಸಲಾಗದ ಹಣವನ್ನು ಪಡೆಯದಂತೆ ಅದು ಮೇಷ್ಟ್ರಂಥವರನ್ನೂ ಕಾಯುತ್ತಿತ್ತು.

ದಂಪತಿ ನೋಟಿಸ್ ಕಳುಹಿಸಿದ್ದರೆ ಏನಾಗುತ್ತಿತ್ತೆಂದೂ ಯೋಚಿಸಿದೆವು. ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು 1999ರ ಕರ್ನಾಟಕ ಬಾಡಿಗೆ ಅಧಿನಿಯಮ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ಇಂದಿನ ಬೆಂಗಳೂರಿನ ಬಹುಪಾಲು ಮನೆಗಳಂತೆ ಇದೂ ಸಾಮಾನ್ಯ ಕರಾರಿನ ವಿಷಯ. ಹಣ ವಸೂಲಿಯ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ದಾವೆ ಹೂಡುವ ಮುಂಚೆಯೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವ ದಾರಿಯೂ ಇದೆ. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ, ಆದ ರಾಜಿಗೆ ಡಿಕ್ರಿಯ, ಅಂದರೆ ನ್ಯಾಯಾಲಯದ ತೀರ್ಪಿನ, ಬಲವಿದೆ. ಮಾತುಕತೆ ಮುರಿದುಬಿದ್ದರೆ ಅಲ್ಲಿಗೇ ಹೋಗುವುದೆಂದು ಇಬ್ಬರಿಗೂ ಹೇಳಿಟ್ಟಿದ್ದೆ. ಬಾಡಿಗೆದಾರರ ಬಳಿ ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಟ್ಟ ದಾಖಲೆ, ಐದೂ ಕರಾರುಗಳು, ಗೋಡೆಯ ಸಂದೇಶ ಇದ್ದವು. ಕೈಯಲ್ಲಿ ನಗದು ಕೊಟ್ಟು ರಸೀದಿ ಪಡೆಯದವರಾಗಿದ್ದರೆ ಅವರ ಸ್ಥಿತಿ ಬೇರೆಯಾಗಿರುತ್ತಿತ್ತು.

ಜನವರಿಯ ಕೊನೆಯ ಭಾನುವಾರ ಎಲ್ಲರೂ ಮೇಷ್ಟ್ರ ನಡುಮನೆಯಲ್ಲಿ ಕೂತೆವು. ಹಣವಿಲ್ಲವೆಂಬುದನ್ನು ನೇರವಾಗಿ ಹೇಳುವಂತೆ ನಾನು ಮೊದಲೇ ಕೇಳಿಕೊಂಡಿದ್ದೆ. ಅವರು ಹೇಳಿದರು. ಪತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೇ ಮೊದಲ ದಿನ ಹೇಳಿದ್ದರೆ ನಾವು ಕಾಯುತ್ತಿದ್ದೆವು ಮೇಷ್ಟ್ರೇ. ನಾವು ಮನೆ ಹಾಳು ಮಾಡಿದೆವು ಅಂದಿರಲ್ಲ, ಅದು ಬೇಜಾರಾಯಿತು" ಎಂದರು. ಆ ಮಾತಿನ ಮೇಲೆ ಉಳಿದದ್ದು ಸುಲಭವಾಯಿತು. ಮೇಷ್ಟ್ರು ತಮ್ಮ ಪತ್ನಿಯ ಹೆಸರಿನ ಠೇವಣಿಯೊಂದನ್ನು ಮುರಿಸಿ 60,000 ರೂಪಾಯಿಯನ್ನು ಆ ವಾರವೇ ಕೊಡುವುದೆಂದೂ, ಫೆಬ್ರವರಿ 15ಕ್ಕೆ 40,000 ಮತ್ತು ಮಾರ್ಚ್ 31ಕ್ಕೆ 43,700 ರೂಪಾಯಿಯ ಎರಡು ಚೆಕ್ಕುಗಳನ್ನು ಬರೆದುಕೊಡುವುದೆಂದೂ ಒಪ್ಪಿಗೆಯಾಯಿತು. ಯಾವ ಬಾಬ್ತಿಗೆ ಎಷ್ಟು ಮುರಿಯಲಾಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಇನ್ನು ಪರಸ್ಪರ ಬಾಕಿ ಇಲ್ಲವೆಂಬ ಮಾತು ಕೊನೆಯ ಚೆಕ್ಕು ನಗದಾದ ಮೇಲೆ ಮಾತ್ರ ಜಾರಿಗೆ ಬರುವುದೆಂದು ಸೇರಿಸಿ, ಇಬ್ಬರೂ ಸಹಿ ಹಾಕಿದರು. ಈ ಕೊನೆಯ ಷರತ್ತನ್ನು ಬಾಡಿಗೆಗಿದ್ದ ದಂಪತಿಯಲ್ಲಿ ಪತ್ನಿ ಕೇಳಿ ಬರೆಸಿದರು. ಅದು ಸರಿಯಾದ ಕೆಲಸ.

ಬಚ್ಚಲಿನ ಟ್ರ್ಯಾಪ್ ಸುತ್ತ ಲೇಪನ ಹಾಕಿಸಿ, ಮತ್ತೆ ನೀರು ನಿಲ್ಲಿಸಿ ನೋಡಿ, ಗೋಡೆಯನ್ನು ಮೂರು ವಾರ ಒಣಗಲು ಬಿಟ್ಟ ಮೇಲೆಯೇ ಪುಟ್ಟಿ ಮತ್ತು ಬಣ್ಣ ಮಾಡಿಸಲಾಯಿತು. ಎರಡೂ ಚೆಕ್ಕುಗಳು ನಗದಾದವು. ಮಾರ್ಚ್ ಮೊದಲ ವಾರ ಬಂದ ಹೊಸ ಬಾಡಿಗೆದಾರರಿಂದ ಮೇಷ್ಟ್ರು ಹತ್ತು ತಿಂಗಳ ಬದಲು ನಾಲ್ಕು ತಿಂಗಳ ಅಡ್ವಾನ್ಸ್ ಪಡೆದು, ಅದನ್ನು ಪೂರ್ತಿಯಾಗಿ ಠೇವಣಿಯಲ್ಲಿಟ್ಟಿದ್ದಾರೆ. ಬೀಗದ ಕೈ ಕೊಟ್ಟ ದಿನ ಇಬ್ಬರೂ ಕೋಣೆ ಕೋಣೆ ಸುತ್ತಿ, ಮೊಬೈಲಿನಲ್ಲಿ ಫೋಟೋ ತೆಗೆದು, ವಿದ್ಯುತ್ ಮೀಟರಿನ ಅಂಕಿಯ ಸಮೇತ ಎರಡು ಪುಟಗಳ ವಿವರ ಬರೆದು ಸಹಿ ಮಾಡಿದರು. ಅದನ್ನು ಬರೆದದ್ದು ಮೇಷ್ಟ್ರ ಪತ್ನಿ. ಮೊದಲನೆಯ ಸಾಲು ಹೀಗಿದೆ: "ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಸ್ಟವ್ ಪಕ್ಕ ಹನ್ನೊಂದು ಅಂಗುಲ ಉದ್ದದ ಬಿರುಕು ಇದೆ. ಇದು ಮೊದಲಿನದು."